ಪಕ್ಕದ ಸೀಟಿಗೆ ಒಬ್ಬರು ಬೇಕು

ಒಬ್ಬಳೇ ಇರುವುದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಾದದ್ದು ಮೂವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ನಮ್ಮ ಅವ್ವ, ಅತ್ತೆಯಂದಿರು, ಜೈನ ಬಸ್ತಿಯಲ್ಲಿ ಸಿಕ್ಕ ಹೆಂಗಸರೆಲ್ಲ "ಹಿಂಗ ಒಬ್ಬಾಕಿನ ಎಷ್ಟ್ ದಿನಾ ಇರ್ತಿಬೇ?" ಎಂದು ಕೇಳುತ್ತಿದ್ದದ್ದು ನಿಜ. ಅದು ಅವರವರ ಅಭಿಪ್ರಾಯ ಎಂದುಕೊಂಡು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಐರ್ಲಂಡಿಗೆ ಬಂದ ಮೇಲೆ ಅದೇ ಮಾತನ್ನು ಸರ್ಕಾರ ಹೇಳಿತು. ಸರ್ಕಾರ ಹೇಳಿದರೆ ಕೇಳಲೇಬೇಕಲ್ಲ. ಕಾರು ಕಲಿಯುವವರ ಲೈಸೆನ್ಸನ್ನು ನನ್ನ ಕೈಗಿಟ್ಟ ಹೆಣ್ಣುಮಗಳು, "ನೀವು ಒಬ್ಬರೇ ಓಡಿಸುವ ಹಾಗಿಲ್ಲ, ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರು ಒಬ್ಬರು ಕೂತಿರಬೇಕು" ಎಂದಳು. ನಾನು ಮುಖ ಸಣ್ಣದು ಮಾಡಿದ್ದನ್ನು ಕಂಡು, "ಅಯ್ಯೋ, ಯಾರಾದರೂ ಇರುತ್ತಾರಲ್ಲ!" ಎಂದು ನಕ್ಕಳು. ನಾನೂ ನಕ್ಕೆ. ಅವಳು ನಕ್ಕಿದ್ದು ಯಾಕೆಂದು ಅವಳಿಗೆ ಗೊತ್ತಿತ್ತು, ನಾನು ಯಾಕೆ ನಕ್ಕೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ನರ್ಸು. ಊರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ಸುಮಾರು ವರ್ಷ ಸೂಜಿ ಚುಚ್ಚಿ, ಸಲಾಯಿನ್ ಏರಿಸಿ, ಆಮೇಲೆ ಐರ್ಲಂಡಿನ ಒಂದು ಸಣ್ಣ ಪಟ್ಟಣದ ವೃದ್ಧರ ಮನೆಗೆ ಕೆಲಸಕ್ಕೆ ಬಂದವಳು. ಮದುವೆ ಯಾಕಾಗಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅದು ಬೇರೆಯದೇ ಪ್ರಬಂಧ, ಇದಕ್ಕಿಂತ ಉದ್ದ, ಹಾಸ್ಯವೂ ಕಡಿಮೆ. ಇಲ್ಲಿ ಬೇಕಾದ ವಿಷಯ ಇಷ್ಟೇ: ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ದಿಗ್ಗೇವಾಡಿಯಲ್ಲಿ ಇದು ಏನೇನೂ ಕಷ್ಟವಲ್ಲ. ಕೃಷ್ಣಾ ನದಿಯ ಆಚೆ ಸೂರ್ಯ ಇಳಿಯುವುದರೊಳಗೆ ರೊಟ್ಟಿ, ಪಲ್ಲೆ ಮುಗಿಸಿ ಕೈ ತೊಳೆದಿರುತ್ತೇವೆ. ಆದರೆ ಈ ದೇಶದ ಚಳಿಗಾಲದ ಸೂರ್ಯನಿದ್ದಾನಲ್ಲ, ಅವನು ಪೂರಾ ಸರ್ಕಾರಿ ನೌಕರ. ತಡವಾಗಿ ಬಂದು ನಾಲ್ಕು ಗಂಟೆಗೆಲ್ಲ ಚೀಲ ಹೆಗಲಿಗೇರಿಸುತ್ತಾನೆ. ನನ್ನ ಪಾಳಿ ಮುಗಿಯುವುದು ಮೂರಕ್ಕೆ, ಬಸ್ಸು ಊರೆಲ್ಲ ಸುತ್ತಿ ನನ್ನನ್ನು ಇಳಿಸುವಷ್ಟರಲ್ಲಿ ಕತ್ತಲು. ಒಲೆ ಹಚ್ಚಿ ಏನು ಮಾಡುವುದು? ನೀರು ಕುಡಿದು ಮಲಗುತ್ತಿದ್ದೆ. ಬೇಸಿಗೆಯಲ್ಲಿ ಇದರ ಉಲ್ಟಾ, ರಾತ್ರಿ ಒಂಬತ್ತಕ್ಕೂ ಕಣ್ಣಿಗೆ ಹೊಡೆಯುವ ಬಿಸಿಲು. "ಒಂಬತ್ತಕ್ಕ ಉಂಡೆ ಅವ್ವಾ" ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ, "ಅಂದ್ರ ಧರ್ಮಾನೂ ಬಿಟ್ಟಿ ಅನ್ನು" ಎಂದು ಅವ್ವ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅದಾದ ಮೇಲೆ ಕಾಲಿಂಗ್ ಕಾರ್ಡು ಗೀರಿ ಫೋನು ಮಾಡಿದಾಗಲೆಲ್ಲ ಅವಳ ಮೊದಲ ಪ್ರಶ್ನೆ, "ಉಂಡ್ಯಾ?" ನನ್ನ ಉತ್ತರ, "ಉಂಡೆ." "ಸುಳ್ ಹೇಳಾಕತ್ತಿ. ಧ್ವನಿ ಹೇಳತೈತಿ" ಎನ್ನುತ್ತಿದ್ದಳು. ಒಟ್ಟಿನಲ್ಲಿ ಕಾರು ಕೊಳ್ಳುವ ಯೋಚನೆ ನನಗೆ ಬಂದದ್ದು ಶೋಕಿಗಲ್ಲ, ಹೊಟ್ಟೆಗೆ.

ಕಾರು ಓಡಿಸುವ ಬಗ್ಗೆ ನನಗೆ ಹೆದರಿಕೆಯೇನೂ ಇರಲಿಲ್ಲ. ಯಾಕೆಂದರೆ ನಾನು ಭೂಪಾಲ ಕಾಕಾನ ಶಿಷ್ಯೆ. ಅಪ್ಪನ ತಮ್ಮನಾದ ಭೂಪಾಲ ಕಾಕಾನದು ವಡಾಪ್ ಜೀಪು. ನಮ್ಮ ಗಡಿ ಭಾಗದ ಹೊರಗಿನವರಿಗೆ ಹೇಳಬೇಕೆಂದರೆ, ಬಸ್ಸಿಗೆ ಕಾಯಲಾರದ ಜನರನ್ನು ತುಂಬಿಕೊಂಡು ಊರಿಂದೂರಿಗೆ ಓಡುವ ಗಾಡಿ. ಈ ಧಂದೆಗೆ ವೇಳಾಪಟ್ಟಿ ಇಲ್ಲ, ಒಂದೇ ಒಂದು ನಿಯಮ: ತುಂಬದ ಹೊರತು ಗಾಡಿ ಎಬ್ಬಿಸಬಾರದು. ಕಾಕಾ ಚಿಕ್ಕೋಡಿ ಸ್ಟ್ಯಾಂಡಿನ ಬಾಜೂ ನಿಂತು "ರಾಯಬಾಗ್, ರಾಯಬಾಗ್, ರಾಯಬಾಗ್" ಎಂದು ಕೂಗುತ್ತಿದ್ದ. ಒಳಗೆ ಹತ್ತು ಜನ ಕೂತು ಬೆವರುತ್ತ "ಬಿಡೋ ಮಾರಾಯಾ" ಎಂದರೆ, "ಇನ್ನ ಜಾಗಾ ಐತ್ರಿ, ಜರಾ ಸರಕೋರಿ" ಎನ್ನುತ್ತಿದ್ದ. ದಾರಿಯಲ್ಲಿ ಯಾರೇ ನಿಂತಿರಲಿ, ಅವರು ಕೈ ತೋರಿಸಲಿ ಬಿಡಲಿ, ಗಾಡಿ ನಿಲ್ಲುತ್ತಿತ್ತು. ಬದುವಿನ ಮೇಲೆ ಸುಮ್ಮನೆ ತಂಬಾಕು ತಿಕ್ಕುತ್ತ ನಿಂತವನನ್ನೂ "ಬರ್ತೀರೇನ್ರಿ?" ಎಂದು ಕೇಳಿ, ಅವನು ಎಲ್ಲಿಗೂ ಹೋಗುವ ವಿಚಾರದಲ್ಲಿಲ್ಲದಿದ್ದರೂ ಯಡೂರಿನ ಗುಡಿಗೊಯ್ದು ಅಮಾವಾಸ್ಯೆಯ ದರ್ಶನ ಮಾಡಿಸಿಕೊಂಡು ಬಂದದ್ದುಂಟು. ಒಂದು ಸುಗ್ಗಿಯಲ್ಲಿ ಕಾಕಾ ಬಣವೆಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ. ಆಗ ಜೀಪು ನನ್ನ ಪಾಲಿಗೆ ಬಂತು, ಕಾಲು ಕೂಡಿದ ಮೇಲೂ ಬೆಳಗಿನ ಪಾಳಿ ನನ್ನದೇ ಆಯಿತು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಬಿಳಿ ಸೀರೆಯುಟ್ಟು, ಜೀಪು ತುಂಬ ಜನರನ್ನು ಕೂರಿಸಿಕೊಂಡು ಚಿಕ್ಕೋಡಿಗೆ ಗಾಡಿ ಹೊಡೆದವಳು ನಾನು. ಪಕ್ಕದಲ್ಲಿ ಒಬ್ಬರು ಕೂತಿರಬೇಕಂತೆ! ನನ್ನ ಪಕ್ಕದಲ್ಲಿ ಮೂರು ಜನ ಇರುತ್ತಿದ್ದರು, ಗೇರು ಹಾಕಬೇಕಾದರೆ ಒಬ್ಬ ಮುದುಕಿಯ ಮೊಣಕಾಲು ಸರಿಸಬೇಕಾಗುತ್ತಿತ್ತು. ಹಿಂದಿನಿಂದ ಹತ್ತು ಬಾಯಿ: "ಎಮ್ಮಿ ಬಂತ ನೋಡವ್ವ", "ಹಾರ್ನ್ ಹೊಡಿಬೇ", "ಸಾವಕಾಶ, ಕೋಳಿ ತತ್ತಿ ಅದಾವ." ಹೀಗೆ ಊರಿಗೆ ಊರೇ ಕೂತು ಕಲಿಸಿದ ವಿದ್ಯೆ ನನ್ನದು.

ಸಣ್ಣದೊಂದು ಹಳೆಯ ಕಾರು ಕೊಂಡೆ. ಅದಕ್ಕೆ ಇನ್ಶೂರೆನ್ಸ್ ಮಾಡಿಸಲು ಫೋನು ಮಾಡಿದೆ. ಆ ಕಡೆ ಒಬ್ಬ ಬಹಳ ಸಭ್ಯ ಹುಡುಗ. ಎಷ್ಟು ವರ್ಷದ ಅನುಭವ ಎಂದು ಕೇಳಿದ. ಹತ್ತು ವರ್ಷ ಎಂದೆ, ಎದೆ ಉಬ್ಬಿಸಿ. ಎಲ್ಲಿ ಎಂದ. ಚಿಕ್ಕೋಡಿಯಲ್ಲಿ ಎಂದೆ. ಒಂದು ಕ್ಷಣ ಕೀಲಿಮಣೆ ಕುಟ್ಟಿದ ಸದ್ದು ಕೇಳಿಸಿತು. "ಕ್ಷಮಿಸಿ, ನಮ್ಮ ಲೆಕ್ಕದಲ್ಲಿ ಅದು ಸೊನ್ನೆ" ಎಂದ. ನನಗೆ ರೇಗಿತು. ಸೊನ್ನೆಯೇ? ಸಂತೆಯ ದಿನ ಚಿಕ್ಕೋಡಿ ಸ್ಟ್ಯಾಂಡಿನೊಳಗೆ ಗಾಡಿ ರಿವರ್ಸ್ ಹಾಕಿ ತೋರಿಸು ನೋಡೋಣ ಎನ್ನಬೇಕೆನಿಸಿತು. ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳುವ ತಾಕತ್ತು ಇರಲಿಲ್ಲವಾದ್ದರಿಂದ, ಜೀಪಿನಲ್ಲಿ ಹದಿನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಸಲವೂ ಯಾರಿಗೂ ಗುದ್ದದೆ ಓಡಿಸಿದ್ದೇನೆ ಎಂದು ಹೇಳಿದೆ. "ಆ ಜೀಪಿಗೆ ಸೀಟುಗಳು ಎಷ್ಟು ಮೇಡಂ?" ಎಂದು ಮೆಲ್ಲಗೆ ಕೇಳಿದ. ಆಗ ನನಗೆ ತಿಳಿಯಿತು, ನಾನು ಹೇಳಬಾರದ್ದನ್ನು ಹೇಳಿದೆ ಅಂತ.

ಹುಡುಗ ಒಳ್ಳೆಯವನು, ಆ ಮಾತನ್ನು ಅಲ್ಲಿಗೇ ಬಿಟ್ಟ. ಪಾಲಿಸಿಯಲ್ಲಿ ನಿಮ್ಮ ಜೊತೆ ಅನುಭವಿ ಚಾಲಕರೊಬ್ಬರ ಹೆಸರು ಸೇರಿಸಿದರೆ ಕಂತು ಬಹಳ ಇಳಿಯುತ್ತದೆ ಎಂದು ತಾನಾಗಿಯೇ ಉಪಾಯ ಹೇಳಿಕೊಟ್ಟ. "ನಿಮ್ಮ ಗಂಡ?" ಇಲ್ಲ ಎಂದೆ. "ಸಂಗಾತಿ?" ಇಲ್ಲ. "ಅಪ್ಪ, ಅಮ್ಮ, ಅಣ್ಣ, ತಂಗಿ, ಈ ದೇಶದಲ್ಲಿ?" ಇಲ್ಲ. "ಸ್ನೇಹಿತರು?" ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯರನ್ನು ನೆನೆದೆ. ಅವರಿಗೂ ನನ್ನ ಹಾಗೆ ಕಲಿಯುವವರ ಲೈಸೆನ್ಸೇ. "ಯಾರೂ... ಇಲ್ಲವೇ?" ಎಂದ. ಅವನ ದನಿ ಮೆತ್ತಗಾಗಿತ್ತು. ಅದುವರೆಗೆ ಆ ಪ್ರಶ್ನೆಯನ್ನು ನನಗೆ ಯಾರೂ ಅಷ್ಟು ಸವಿಸ್ತಾರವಾಗಿ ಕೇಳಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟೆ. ಅಡುಗೆಮನೆಯಲ್ಲಿ ನಿಂತು ಒಂದಿಷ್ಟು ಅತ್ತೆ. ಕಾರಿನ ಇನ್ಶೂರೆನ್ಸಿಗಾಗಿ ಅತ್ತವಳು ಇಡೀ ರಾಯಬಾಗ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಭಾನುವಾರ ಕಾಕಾನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಕಾಕಾನಿಗೆ ಇದು ಸಮಸ್ಯೆ ಎಂದೇ ಅನ್ನಿಸಲಿಲ್ಲ.

"ಬಾಜೂ ಮನಿಯಾಗ ಯಾರ ಅದಾರ?"

"ಒಬ್ಬ ಮುದುಕಿ ಅದಾಳ ಕಾಕಾ. ಗಂಡ ತೀರಿಕೊಂಡಾನ, ಮಕ್ಕಳಿಲ್ಲ."

"ಗಾಡಿ ಹೊಡಿಯಾಕ ಬರತೈತೇನ?"

"ಬರತೈತಿ. ಮೊದಲ ಹೊಡೀತಿದ್ಲಂತ."

"ಮತ್ತ ಕೂಡಸ್ಕೋ!"

"ಹಂಗ ಕೇಳಾಕ ಬರೂದಿಲ್ಲ ಕಾಕಾ ಇಲ್ಲಿ. ಎರಡ ವರ್ಷ ಆತು, ಹವಾಮಾನ ಬಿಟ್ಟ ಬ್ಯಾರೆ ಮಾತಾಡಿಲ್ಲ ನಾವು."

"ಯಾಕ, ಆ ದೇಶದಾಗ ಮಂದಿಗೆ ಕುಂಡಿ ಇಲ್ಲೇನ್ ಪೋರಿ, ಸೀಟಿನ ಮ್ಯಾಲ ಕೂಡಾಕ? ಹೋಗಿ ಬರ್ತೀರೇನ್ರಿ ಅಂತ ಕೇಳ. ಬಂದ್ರ ಬಂದ್ರು, ಇಲ್ಲಂದ್ರ ಮುಂದಿನ ಸ್ಟಾಪ್."

ಕಾಕಾ ಹೇಳಿದ್ದಕ್ಕಲ್ಲ, ಹಸಿವಿಗೆ ಹೋದೆ ಎನ್ನಿ. ಮರುದಿನ ಪಕ್ಕದ ಮನೆಯ ಬಾಗಿಲು ಬಡಿದೆ. ಖಾಲಿ ಕೈಯಲ್ಲಿ ಹೋಗಬಾರದೆಂದು ಶೇಂಗಾ ಹೋಳಿಗೆ ಒಯ್ದಿದ್ದೆ. ಆಕೆಯ ಹೆಸರು ನೋರಾ. ಎಪ್ಪತ್ತು ದಾಟಿದ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ, ಹಾಗಾಗಿ ನನ್ನ ಪಾಲಿಗೆ ಅವರು ನೋರಾಬಾಯಿ. ಅವರು ಆಡುವುದು ಇಂಗ್ಲಿಷೇ. ಆದರೆ ಹಳ್ಳಿಯ ಇಂಗ್ಲಿಷು, ಎಳೆದೆಳೆದು ಆಡುವ ಜಗಳಗಂಟಿ ಇಂಗ್ಲಿಷು. ನನ್ನ ಕಿವಿ ಅದನ್ನು ತಾನಾಗಿಯೇ ದಿಗ್ಗೇವಾಡಿಯ ಕನ್ನಡ ಮಾಡಿಕೊಳ್ಳುತ್ತದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ. ನಾನು ತೊದಲುತ್ತ, ಕೈ ಹಿಸುಕಿಕೊಳ್ಳುತ್ತ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅವರು ಹೋಳಿಗೆ ಒಂದು ಪೂರ್ತಿ ತಿಂದಿದ್ದರು.

"ಅಂದ್ರ ನಾ ಸುಮ್ನ ಕುಂತಿರಬೇಕು, ಅಷ್ಟಾ?" ಎಂದರು.

"ಅಷ್ಟ್ರಿ."

"ನಮ್ಮವರು ಹೋದಾಗಿಂದ ಈ ಮನ್ಯಾಗ ನಾ ಅದ್ನ ಮಾಡಾಕತ್ತೀನಿ. ಕಾರಿನ್ಯಾಗ ಕುಂತ್ರ ಬ್ಯಾರೆ ಬ್ಯಾರೆ ಕಿಟಕಿಯಾದ್ರೂ ಸಿಗತಾವು. ಯಾವಾಗ?"

ಗುರುವಾರ ನನ್ನ ರಜೆಯ ದಿನ. ಅಂದಿನಿಂದ ಪ್ರತಿ ಗುರುವಾರ ನೋರಾಬಾಯಿ ಕೋಟು ಹಾಕಿ, ತುಟಿಗೆ ಬಣ್ಣ ಹಚ್ಚಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂರತೊಡಗಿದರು. ಅವರ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿತ್ತು, ಇನ್ಶೂರೆನ್ಸಿನಲ್ಲಿ ಅವರ ಹೆಸರೂ ಸೇರಿತು. ಆ ಸಭ್ಯ ಹುಡುಗನಿಗೆ ಹೆಸರು ಹೇಳುವಾಗ ನನಗೆಷ್ಟು ಖುಷಿಯಾಗಿತ್ತೆಂದರೆ, ಸಂಬಂಧ ಏನು ಎಂದು ಕೇಳಿದಾಗ "ನಮ್ಮವರು" ಎಂದುಬಿಟ್ಟೆ. ಅವನು ಏನು ಬರೆದುಕೊಂಡನೋ ಗೊತ್ತಿಲ್ಲ. ಸುಮ್ಮನೆ ಕೂರುತ್ತೇನೆ ಎಂದಿದ್ದ ನೋರಾಬಾಯಿ ಮೊದಲ ವಾರವೇ ಮಾತು ಮುರಿದರು. ನಾನು ಹಾರ್ನಿಗೆ ಕೈ ಹಾಕಿದರೆ ಕೈಗೇ ಒಂದು ಪೆಟ್ಟು. "ಅವ್ನೇನ ತಪ್ಪ ಮಾಡ್ಯಾನಬೇ? ಸುಮ್ನ ಹೊಂಟಾನ." ಈ ದೇಶದಲ್ಲಿ ಹಾರ್ನ್ ಹೊಡೆಯುವುದು ಬೈದ ಹಾಗೆ ಎಂದು ನನಗೆ ಗೊತ್ತಾದದ್ದು ಆಗ. ನಮ್ಮಲ್ಲಿ ಅದು ಉಭಯ ಕುಶಲೋಪರಿ, ಹೊಡೆಯದೆ ಹೋದರೆ ಸೊಕ್ಕು ಎನ್ನುತ್ತಾರೆ. ಅವರ ಬಲಗಾಲು ಇಲ್ಲದ ಬ್ರೇಕನ್ನು ಸದಾ ಒತ್ತುತ್ತಿತ್ತು. ಸಮುದ್ರದ ದಂಡೆಗೆ, ಅವರ ಗಂಡನ ಸಮಾಧಿಗೆ, ಸುಮ್ಮನೆ ಒಂದು ಬೆಟ್ಟ ಸುತ್ತಿ ಬರಲು ಎಂದು ಹೋಗುತ್ತಿದ್ದೆವು. ನನ್ನ ಊಟದ ನಿಯಮ ಕೇಳಿದ ಮೇಲಂತೂ ಆ ನಿಯಮ ಪಾಲಿಸುವುದು ತನ್ನದೇ ಜವಾಬ್ದಾರಿ ಎನ್ನುವಂತೆ ಗಳಿಗೆಗೊಮ್ಮೆ ಆಕಾಶ ನೋಡುವರು. "ಹೊತ್ತ ಇಳಿಯಾಕತ್ತೈತಿ, ಡಬ್ಬಿ ತಗಿ" ಎಂದು ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ನಾನು ಚಪಾತಿ ಮುಗಿಸುವವರೆಗೆ ಸೂರ್ಯನನ್ನು ಕಾಯುತ್ತ ಕೂರುವರು. ಒಂದು ಸಲ ಕಾಕಾನ ಜೊತೆ ಮಾತಾಡಿಸಿದೆ. "ನಮಸ್ಕಾರ್ರಿ ಬಾಯಾರ, ನಮ್ಮ ಪೋರಿ ಬ್ರೇಕ್ ಜೋರ್ ಹೊಡೀತಾಳ, ಹಣಿ ಸಂಭಾಳಸ್ರಿ" ಎಂದು ಕಾಕಾ ಫೋನಿನಲ್ಲಿ ಕಿರುಚಿದ. ನೋರಾಬಾಯಿ ಒಂದಕ್ಷರ ತಿಳಿಯದೆ, "ಭಾಳ ಚಲೋ ಮನುಷ್ಯಾ" ಎಂದರು.

ವಾರದ ಉಳಿದ ದಿನಗಳು ಮೊದಲಿನ ಹಾಗೆಯೇ ಇದ್ದವು. ಅದೇ ಬಸ್ಸು, ಅದೇ ಕತ್ತಲು, ಬೀಗ ತೆಗೆದರೆ ತಣ್ಣಗಿನ ಮನೆ. ಕಾರು ಬಾಗಿಲಲ್ಲಿ ನಿಂತಿರುತ್ತಿತ್ತು, ಕಾನೂನಿನ ಪ್ರಕಾರ ನಾನೊಬ್ಬಳೇ ಅದನ್ನು ಮುಟ್ಟುವ ಹಾಗಿರಲಿಲ್ಲ. ಪಕ್ಕಾ ಲೈಸೆನ್ಸ್ ಆಗಲೇಬೇಕಿತ್ತು. ಪರೀಕ್ಷೆಗೆ ದಿನ ಸಿಕ್ಕಿತು.

ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರು ಬೋಳುತಲೆಯ, ಉದ್ದ ಮುಖದ ಮನುಷ್ಯ. ನೋರಾಬಾಯಿಯನ್ನು ಕಾಯುವ ಕೋಣೆಯಲ್ಲಿ ಕೂರಿಸಿ ಹೊರಟೆವು. ಕನ್ನಡಿ ನೋಡಿದೆ, ಸರ್ಕಲ್ ಸುತ್ತಿದೆ, ಹಾರ್ನಿನ ತಂಟೆಗೆ ಹೋಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆಗ ಊರ ಹೊರಗಿನ ದಾರಿಯಲ್ಲಿ ಜಿಟಿಜಿಟಿ ಮಳೆ ಶುರುವಾಯಿತು. ಮುಂದೆ ಒಂದು ಬಸ್ ಸ್ಟಾಪು. ಅಲ್ಲಿ ಒಬ್ಬ ಮುದುಕ, ತಲೆಯ ಮೇಲೆ ಟೋಪಿ, ಕೈಯಲ್ಲಿ ಚೀಲ, ನೆನೆಯುತ್ತ ನಿಂತಿದ್ದಾನೆ. ನಾನು ಏನನ್ನೂ ಯೋಚಿಸಲಿಲ್ಲ, ದೇವರಾಣೆ. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಇಂಡಿಕೇಟರ್ ಹಾಕಿದೆ, ಪದ್ಧತಿ ಪ್ರಕಾರ ಬದಿಗೆ ತಂದೆ, ಸಾಹೇಬರ ಎದುರಿನಿಂದ ಬಾಗಿ ಕಿಟಕಿ ಇಳಿಸಿ, "ಬರ್ತೀರೇನ್ರಿ?" ಎಂದೆ. ಅಪ್ಪಟ ಕನ್ನಡದಲ್ಲಿ.

ಮುದುಕನಿಗೆ ಅರ್ಥವಾಗಬಾರದಿತ್ತು, ಆದರೂ ಆಯಿತು. ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟ. "ದೇವ್ರ ಬಂದಂಗ ಬಂದ್ರಿ" ಎನ್ನುವ ಅರ್ಥದಲ್ಲಿ ಏನೋ ಹೇಳಿ, ಮುಂದೆ ಬಾಗಿ ಸಾಹೇಬರಿಗೂ "ಏನ್ ಥಂಡಿ ಅಲ್ಲ?" ಎಂದ. ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಮಳೆಯನ್ನು ನೋಡಿದರು. ಇಳಿಯಿರಿ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ಮುದುಕನನ್ನು ಅವನ ಓಣಿಯ ಮೂಲೆಯಲ್ಲಿ ಇಳಿಸಿ ವಾಪಸ್ಸಾದೆವು. "ನೀವು ಗಾಡಿ ಓಡಿಸಿದ್ದು ಚೆನ್ನಾಗಿತ್ತು. ಆದರೆ ಪರೀಕ್ಷೆಯಲ್ಲಿ ಪ್ಯಾಸೆಂಜರ್ ಹತ್ತಿಸಿಕೊಂಡವರನ್ನು ಪಾಸು ಮಾಡಲು ನನಗೆ ಅಧಿಕಾರವಿಲ್ಲ" ಎಂದರು ಸಾಹೇಬರು. ವಿಷಯ ಕೇಳಿ ನೋರಾಬಾಯಿ ಮನೆ ಮುಟ್ಟುವವರೆಗೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಕಾಕಾ ಮಾತ್ರ ನಗಲಿಲ್ಲ. "ಖಾಲಿ ಸೀಟ್ ತುಂಬಿಸೀದಿ. ಮತ್ತ ಫೇಲ್ ಯಾಕ?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ.

ಫೇಲಾದವಳು ಅಳಬೇಕಿತ್ತು. ಅಂದು ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ನೋಡುತ್ತೇನೆ, ಒಳಗೆ ಸಣ್ಣ ಸಂತೋಷ. ಮುಂದಿನ ಗುರುವಾರವೂ ಇದೆ ಎನ್ನುವ ಸಂತೋಷ. ಆಗಲೇ ನನಗೆ ಹೊಳೆದದ್ದು: ಪಾಸಾದರೆ ಪಕ್ಕದ ಸೀಟಿಗೆ ಯಾರೂ ಬೇಕಾಗಿಲ್ಲ. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಒದ್ದಾಡಿದ್ದು? ನನಗೆ ಆ ಲೈಸೆನ್ಸು ಬೇಕಿತ್ತು, ಬೇಡವಾಗಿತ್ತು. ಎರಡನೆಯ ಸಲದ ಪರೀಕ್ಷೆಯಲ್ಲಿ ಗಾಡಿ ಓಡಿಸುವಾಗ ಯಾರಾದರೂ ಮುದುಕ ಸಿಗಲಿ ಎಂದು ಎಲ್ಲ ಬಸ್ ಸ್ಟಾಪುಗಳನ್ನೂ ನೋಡಿದೆ. ಒಳ್ಳೆಯ ಬಿಸಿಲು, ಒಂದು ನರಪಿಳ್ಳೆಯೂ ಇರಲಿಲ್ಲ.

ಪಾಸಾದೆ. ಅದೇ ಉದ್ದ ಮುಖದ ಸಾಹೇಬರು ಕೈ ಕುಲುಕಿ, "ಅಭಿನಂದನೆ. ಇನ್ನು ಮೇಲೆ ನೀವು ಒಬ್ಬರೇ ಹೋಗಬಹುದು" ಎಂದರು. ಒಳ್ಳೆಯ ಸುದ್ದಿಯನ್ನು ಇಷ್ಟು ಕೆಟ್ಟದಾಗಿ ಯಾರಾದರೂ ಹೇಳುತ್ತಾರೆಯೇ? ನೋರಾಬಾಯಿ ಕಾಯುವ ಕೋಣೆಯಿಂದ ಎದ್ದು ಬಂದರು. ನನ್ನ ಮುಖ ನೋಡಿ ಫೇಲೆಂದುಕೊಂಡು ಅಪ್ಪಿಕೊಂಡರು, ಪಾಸೆಂದ ಮೇಲೆ ಇನ್ನೊಮ್ಮೆ ಅಪ್ಪಿಕೊಂಡರು. ಎರಡನೆಯ ಅಪ್ಪುಗೆ ಸ್ವಲ್ಪ ಸಡಿಲ ಇತ್ತು. ಹೊರಗೆ ಬಂದು, ಕಲಿಯುವವರು ಅಂಟಿಸಬೇಕಾದ ಕೆಂಪು ಅಕ್ಷರದ ಕಾಗದವನ್ನು ತಾವೇ ಉಗುರಿನಿಂದ ಕೆರೆದು ತೆಗೆದು, ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಹಾಕಿಕೊಂಡರು. ದಾರಿಯಲ್ಲಿ ಅವರ ಬಲಗಾಲು ಬ್ರೇಕು ಒತ್ತುವುದನ್ನೇ ಮರೆತಿತ್ತು. ಮನೆ ಹತ್ತಿರ ಬಂದಾಗ, "ಚಲೋ ಆತು. ಗುರುವಾರಕ್ಕ ಒಂದ್ ಕಪಾಟ್ ಸ್ವಚ್ಛ ಮಾಡೂದೈತಿ, ಭಾಳ ದಿನಾ ಆತು" ಎಂದರು.

"ಹಂಗ ನಡಿಯೂದಿಲ್ರಿ" ಎಂದೆ. "ಇನ್ಶೂರೆನ್ಸಿನ್ಯಾಗ ನಿಮ್ಮ ಹೆಸರ ಐತಿ. ಹೆಸರ ಇದ್ದವರು ವಾರಕ್ಕ ಒಮ್ಮಿ ಗಾಡ್ಯಾಗ ಕುಂತಿರಬೇಕಂತ. ಇಲ್ಲಂದ್ರ ಪಾಲಿಸಿ ರದ್ದು."

ಐವತ್ತು ವರ್ಷ ಈ ದೇಶದ ರಸ್ತೆಯಲ್ಲಿ ಗಾಡಿ ಓಡಿಸಿ, ಇನ್ಶೂರೆನ್ಸ್ ಮಾಡಿಸಿದ ಹೆಂಗಸು ಅವರು. ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದರು. "ಕಾಯ್ದೆ ಅಂದ್ಮ್ಯಾಲ ಏನ್ ಮಾಡೂದು. ಕಪಾಟ್ ಎಲ್ಲಿ ಓಡಿ ಹೋಗತೈತಿ" ಎಂದರು.

ಕಾಕಾನಿಗೆ ಸುದ್ದಿ ಮುಟ್ಟಿಸಿದೆ. "ಶಾಬ್ಬಾಸ್! ಗಾಡ್ಯಾಗ ಎಷ್ಟ ಮಂದಿ ಇದ್ರಿ?" ಎಂದ. ಇಬ್ಬರು ಎಂದೆ. ಅವನಿಗೆ ಪಾಸಾದ ಖುಷಿಯೇ ಹೋಯಿತು. "ಇಬ್ಬರ? ಹಿಂದಿಂದು ಪೂರಾ ಖಾಲಿ? ಎಣ್ಣಿ ಪುಕ್ಕಟ ಬರತೈತೇನ್ ಪೋರಿ?" ಎಂದು ಬೈದ. ಆ ಗುರುವಾರ ಹೋಗುವಾಗ ನೋಡುತ್ತೇನೆ, ಟೋಪಿಯ ಮುದುಕ ಅದೇ ಸ್ಟಾಪಿನಲ್ಲಿ ನಿಂತಿದ್ದಾನೆ. ನಾನು ಬ್ರೇಕಿಗೆ ಕಾಲಿಡುವ ಮೊದಲೇ ನೋರಾಬಾಯಿ ಕಿಟಕಿ ಇಳಿಸಿದ್ದರು.

ಈಗ ನನ್ನ ಪರಿಸ್ಥಿತಿ ಏನಾಗಿದೆ ಎಂದರೆ, ಪಾಳಿ ಮುಗಿಸಿ ಮೂರಕ್ಕೆ ಹೊರಬೀಳುತ್ತೇನೆ. ಎದುರಿನ ಸ್ಟಾಪಿನಲ್ಲಿ ನಮ್ಮ ವೃದ್ಧರ ಮನೆಯ ಅಡುಗೆಯಾಕೆ ನಿಂತಿರುತ್ತಾಳೆ, ಅವಳ ಜೊತೆ ನೆಲ ಒರೆಸುವಾಕೆ, ಹೆಂಡತಿಯನ್ನು ನೋಡಲು ಬಂದ ಯಾರೋ ಒಬ್ಬ ಮುದುಕ. ಬರ್ತೀರೇನ್ರಿ ಎನ್ನದೆ ಹೇಗೆ ಹೋಗಲಿ? ಒಂದು ಸೀಟು ಖಾಲಿ ಇದ್ದರೆ ಕೈ ಗೇರಿಗೆ ಹೋಗುವುದಿಲ್ಲ, ಇನ್ನೊಬ್ಬರು ಬರುವವರೆಗೆ ಕಾಯುತ್ತೇನೆ. ಒಬ್ಬೊಬ್ಬರನ್ನೂ ಅವರವರ ಬಾಗಿಲಿಗೆ ಇಳಿಸಬೇಕು, ಇಳಿಯುವ ಮೊದಲು ಅವರು ಮನೆಯ ಸಂಕಟವೆಲ್ಲ ಹೇಳಿ ಮುಗಿಸಬೇಕು. ನಾನು ಮನೆ ಸೇರುವಷ್ಟರಲ್ಲಿ ಆ ಸರ್ಕಾರಿ ನೌಕರ ಚೀಲ ಹೆಗಲಿಗೇರಿಸಿ ಹೋಗಿರುತ್ತಾನೆ. ಹೊತ್ತು ಮುಳುಗುವ ಮೊದಲು ಉಣ್ಣಲೆಂದು ಕಾರು ಕೊಂಡವಳು, ಬಸ್ಸಿಗಿಂತ ತಡವಾಗಿ ಬಂದು, ನೀರು ಕುಡಿದು ಮಲಗುತ್ತೇನೆ. ಭಾನುವಾರ ಅವ್ವ ಎಂದಿನಂತೆ "ಉಂಡ್ಯಾ?" ಎನ್ನುತ್ತಾಳೆ. ಹೊಟ್ಟೆ ಚುರುಗುಟ್ಟಿದ ದಿನಗಳನ್ನೆಲ್ಲ ನುಂಗಿಕೊಂಡು "ದಿನಾ ಉಣ್ಣಾಕತ್ತೀನಿ" ಎನ್ನುತ್ತೇನೆ. ಅದೇ ಹಳೆಯ ಸುಳ್ಳು. ಆದರೆ ಈಗ ಅವ್ವ ನಂಬುತ್ತಾಳೆ. "ಹೌದ ಬಿಡ, ಧ್ವನಿ ಹೇಳತೈತಿ" ಎನ್ನುತ್ತಾಳೆ.